ಕಿಶೋರ ಸಾರಥಿಗಳು: ಯೂರೋಪಿನಲ್ಲಿ ೨೦೧೪ನೆಯ ಇಸವಿಯ ಫಾರ್ಮುಲಾ ಮೂರರ ಪಂದ್ಯಗಳು

೧

ಯಾವ ಶಾಸ್ತ್ರಗ್ರಂಥವನ್ನು ತೆರೆದರೂ ವಿಷಯನಿರೂಪಣೆಗೆ ಮೊದಲು ಒಂದು ಪ್ರಶ್ನೆಯು ಎದುರಾಗುವುದು: ಈ ವಿದ್ಯೆಗೆ ಅಧಿಕಾರಿಯು ಯಾರು? ವಿಷಯ, ಪ್ರಯೋಜನ, ಸಂಬಂಧ ಎಂಬ ಉಳಿದ ಮೂರು ಅನುಬಂಧಗಳನ್ನು ಎರಡು ಮಾತುಗಳಲ್ಲಿ ಮುಗಿಸಿಬಿಡಬಹುದು. ಅಧಿಕಾರಿಯ ವಿಚಾರಕ್ಕೆ ಬಂದಾಗ ಮಾತ್ರ ಪೂರ್ವಪಕ್ಷ ಸಿದ್ಧಾಂತಗಳು ಬೆಳೆಯುತ್ತ ಹೋಗುವುವು. ವಯಸ್ಸು ಪ್ರಮಾಣವೋ, ಅಭ್ಯಾಸವು ಪ್ರಮಾಣವೋ, ಹುಟ್ಟಿನೊಡನೆ ಬಂದ ಪ್ರತಿಭೆಯು ಪ್ರಮಾಣವೋ ಎಂಬ ಚರ್ಚೆಯು ಪಾಠಶಾಲೆಗಳಲ್ಲಿ ಮಾತ್ರ ನಡೆಯತಕ್ಕದ್ದಲ್ಲ. ತಪ್ಪಿದರೆ ಪ್ರಾಣಕ್ಕೆ ಸಂಚಕಾರವಾಗುವ ವಿದ್ಯೆಗಳಲ್ಲಿ ಅದು ಇನ್ನೂ ತೀಕ್ಷ್ಣವಾಗುವುದು.

ಅಂತಹ ವಿದ್ಯೆಗಳಲ್ಲಿ ಮೋಟಾರು ಪಂದ್ಯವೂ ಒಂದು. ಯೂರೋಪು ಖಂಡದಲ್ಲಿ ಕಿಶೋರರಿಗಾಗಿ ಏರ್ಪಟ್ಟಿರುವ ಏಕಾಸನ ಕಾರುಗಳ ಪಂದ್ಯಗಳ ಚರಿತ್ರೆಯಲ್ಲಿ ೨೦೧೪ನೆಯ ಇಸವಿಯು ಈ ಕಾರಣದಿಂದ ಗಮನಾರ್ಹವಾದುದು. ಆ ವರ್ಷ ಫಾರ್ಮುಲಾ ಮೂರರ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಪಡೆದವನು ಒಬ್ಬನು; ಲೋಕವು ಅರಸಿ ಹಿಡಿದು ಮೇಲಿನ ಪೀಠಕ್ಕೆ ಏರಿಸಿದುದು ಮೂರನೆಯ ಸ್ಥಾನದಲ್ಲಿದ್ದ ಇನ್ನೊಬ್ಬನನ್ನು. ಆಮೇಲೆ ನಿಯಮಕರ್ತರು ಎಚ್ಚೆತ್ತು, ಇನ್ನು ಮುಂದೆ ಹಾಗೆ ಏರಿಸಕೂಡದೆಂದು ಶಾಸನವನ್ನು ಮಾಡಿದರು. ಅಂಕಗಳ ಪಟ್ಟಿ, ತಂಡದ ಒಡೆಯರ ಆಯ್ಕೆ, ಒಕ್ಕೂಟದ ಶಾಸನ ಎಂಬ ಈ ಮೂರು ತೀರ್ಪುಗಳು ಒಂದಕ್ಕೊಂದು ಹೇಗೆ ಹೊಂದದೆ ಹೋದುವು, ಮೂರಕ್ಕೂ ಹೇಗೆ ಒಂದೊಂದು ಆಧಾರವಿದ್ದಿತು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

೨

ವೃತ್ತಾಂತಕ್ಕೆ ಮೊದಲು ಪರಿಭಾಷೆಯನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ಮೋಟಾರು ಪಂದ್ಯಗಳಲ್ಲಿ ‘ಫಾರ್ಮುಲಾ’ ಎಂಬ ಮಾತಿಗೆ ಸೂತ್ರವೆಂದೇ ಅರ್ಥ. ಕಾರಿನ ತೂಕವೆಷ್ಟಿರಬೇಕು, ಎಂಜಿನ್ನಿನ ಗಾತ್ರವೆಷ್ಟು, ಚಕ್ರಗಳ ಅಳತೆಯೇನು ಎಂದು ವಿಧಿಸುವ ನಿಯಮಗಳ ಕಟ್ಟಿಗೆ ಆ ಹೆಸರು. ಈ ಕಾರುಗಳಲ್ಲಿ ಒಬ್ಬನಿಗೆ ಮಾತ್ರ ಆಸನವಿರುವುದು. ಚಕ್ರಗಳ ಮೇಲೆ ಮುಚ್ಚಳವಿರುವುದಿಲ್ಲ. ಸಾರಥಿಯೂ ಅವನೇ, ರಥಿಕನೂ ಅವನೇ. ಒಂದನೆಯ ಸೂತ್ರದ ಕಾರುಗಳು ಅತ್ಯಂತ ಬಲಿಷ್ಠವಾದುವು. ಮೂರನೆಯ ಸೂತ್ರದವು ಅಭ್ಯಾಸಿಗಳಿಗಾಗಿ ಏರ್ಪಟ್ಟವು.

ಮಹಾಯುದ್ಧವು ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಕೆಲವು ಉತ್ಸಾಹಿಗಳು ಮೋಟಾರು ಸೈಕಲ್ಲಿನ ೫೦೦ ಸಿ.ಸಿ. ಎಂಜಿನ್ನುಗಳನ್ನು ಹಗುರವಾದ ಚೌಕಟ್ಟುಗಳಿಗೆ ಜೋಡಿಸಿ, ಕಡಿಮೆ ಹಣದಲ್ಲಿ ಪಂದ್ಯವಾಡತೊಡಗಿದರು. ಮುಂದೆ ಜಗತ್ಪ್ರಸಿದ್ಧನಾದ ಸ್ಟರ್ಲಿಂಗ್ ಮಾಸ್ ಇಂತಹ ಕಾರಿನಿಂದಲೇ ಮೇಲೆ ಬಂದವನು. ೧೯೫೦ರಲ್ಲಿ ಎಫ್.ಐ.ಎ. ಎಂಬ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವು ಈ ಪದ್ಧತಿಗೆ ಫಾರ್ಮುಲಾ ಮೂರು ಎಂಬ ಹೆಸರನ್ನಿತ್ತು ಮನ್ನಣೆಯನ್ನು ಕೊಟ್ಟಿತು. ೧೯೫೮ರಲ್ಲಿ ಇಟಲಿಯ ಕೌಂಟ್ ಜೊವಾನಿ ಲುರಾನಿಯ ಪ್ರಯತ್ನದಿಂದ ಫಾರ್ಮುಲಾ ಜೂನಿಯರ್ ಎಂಬ ಬೇರೊಂದು ಕಿಶೋರಸೂತ್ರವು ಹುಟ್ಟಿ, ಕೆಲವು ವರ್ಷ ಮೂರನೆಯದರ ಸ್ಥಾನವನ್ನು ಆಕ್ರಮಿಸಿತು. ೧೯೬೪ರಲ್ಲಿ ಫಾರ್ಮುಲಾ ಮೂರು ಒಂದು ಲೀಟರಿನ ಎಂಜಿನ್ನಿನೊಡನೆ ಮರಳಿ ಬಂದಿತು. ಆ ವರ್ಷವೇ ಸ್ಕಾಟ್ಲೆಂಡಿನ ಜ್ಯಾಕಿ ಸ್ಟೀವರ್ಟನು ಕೆನ್ ಟಿರೆಲ್ಲನ ತಂಡದಲ್ಲಿ ಗೆಲುವಿನ ಮೇಲೆ ಗೆಲುವನ್ನು ಪಡೆದು ಜನರ ಕಣ್ಣಿಗೆ ಬಿದ್ದನು. ಎಂಜಿನ್ನಿನ ಗಾತ್ರವು ೧೯೭೧ರಲ್ಲಿ ೧೬೦೦ ಸಿ.ಸಿ.ಗೂ ೧೯೭೪ರಲ್ಲಿ ಎರಡು ಲೀಟರಿಗೂ ಏರಿತು. ಬ್ರೆಜಿಲ್ ದೇಶದ ಐರ್ಟನ್ ಸೆನ್ನನು ೧೯೮೩ರಲ್ಲಿ ಬ್ರಿಟನ್ನಿನ ಫಾರ್ಮುಲಾ ಮೂರರ ಬಿರುದನ್ನೂ, ಮೈಕೇಲ್ ಶೂಮಾಕರನು ೧೯೯೦ರಲ್ಲಿ ಜರ್ಮನಿಯ ಬಿರುದನ್ನೂ ಪಡೆದರು. ಹೀಗೆ ಈ ಸೂತ್ರವು ಅರ್ಧ ಶತಮಾನಕ್ಕೂ ಮೀರಿ ಮಹಾಪಂದ್ಯಗಳ ಗುರುಕುಲವಾಗಿದ್ದಿತು.

ಇಡೀ ಯೂರೋಪಿಗೆ ಒಂದೇ ಬಿರುದು ಎಂಬ ಏರ್ಪಾಡು ೧೯೮೪ರಲ್ಲಿ ನಿಂತುಹೋಗಿದ್ದು, ೨೦೧೨ರಲ್ಲಿ ಮತ್ತೆ ಜೀವ ತಳೆದಿತು. ೨೦೧೪ನೆಯದು ಆ ಪುನರುಜ್ಜೀವನದ ಮೂರನೆಯ ವರ್ಷ. ಚೌಕಟ್ಟನ್ನು ಎಲ್ಲ ತಂಡಗಳಿಗೂ ಇಟಲಿಯ ದಲ್ಲಾರಾ ಕಾರ್ಖಾನೆಯೇ ಒದಗಿಸುತ್ತಿದ್ದಿತು. ಎಂಜಿನ್ನನ್ನು ಮಾತ್ರ ಮರ್ಸಿಡಿಸ್, ಫೋಕ್ಸ್‌ವಾಗನ್ ಮೊದಲಾದವುಗಳಿಂದ ಆರಿಸಿಕೊಳ್ಳಬಹುದಾಗಿತ್ತು. ಎಂಜಿನ್ನು ಉಸಿರಾಡುವ ಕಂಡಿಯನ್ನೇ ಕಿರಿದುಮಾಡಿ ಅದರ ಬಲವನ್ನು ಮಿತಿಯಲ್ಲಿಡುವುದು ಈ ಸೂತ್ರದ ವಿಶೇಷ. ಇದರ ಫಲವೇನೆಂದರೆ, ತಿರುವಿನಲ್ಲಿ ಒಮ್ಮೆ ಕಳೆದುಕೊಂಡ ವೇಗವನ್ನು ನೇರದಾರಿಯಲ್ಲಿ ಎಂಜಿನ್ನಿನ ಬಲದಿಂದ ಸುಲಭವಾಗಿ ಮರಳಿ ಪಡೆಯಲಾಗದು. ಎಲ್ಲಿ ಬ್ರೇಕನ್ನು ಒತ್ತಬೇಕು, ಎಷ್ಟು ಒತ್ತಬೇಕು, ಎಷ್ಟು ಬೇಗ ಬಿಡಬೇಕು ಎಂಬುದರಲ್ಲಿ ಕಣ್ಣೆವೆಯಷ್ಟು ತಪ್ಪಿದರೂ ಅದರ ದಂಡವನ್ನು ಮುಂದಿನ ತಿರುವಿನವರೆಗೆ ತೆರಬೇಕಾಗುವುದು. ಆದುದರಿಂದಲೇ ಈ ಕಾರು ಒಳ್ಳೆಯ ಗುರುವೆಂದು ಎಣಿಸಲ್ಪಟ್ಟಿತು: ಅದು ಶಿಷ್ಯನ ತಪ್ಪನ್ನು ಮುಚ್ಚುವುದಿಲ್ಲ.

ಆ ವರ್ಷ ಹನ್ನೊಂದು ಕೂಟಗಳಲ್ಲಿ, ಕೂಟಕ್ಕೆ ಮೂರರಂತೆ, ೩೩ ಓಟಗಳು ನಡೆದುವು. ಒಂದೊಂದು ಓಟವೂ ಅರ್ಧ ಗಂಟೆಗೆ ಸ್ವಲ್ಪ ಮೇಲ್ಪಟ್ಟದ್ದು. ಗೆದ್ದವನಿಗೆ ೨೫ ಅಂಕಗಳು. ಎರಡನೆಯವನಿಗೆ ೧೮, ಮೂರನೆಯವನಿಗೆ ೧೫, ಆಮೇಲೆ ಕ್ರಮವಾಗಿ ಇಳಿಯುತ್ತ ಹತ್ತನೆಯವನಿಗೆ ಒಂದು. ಗೆಲುವಿಗೆ ಅಂಕಗಳು ಹೆಚ್ಚಾದರೂ ಸೋತವನು ಬರಿಗೈಯಲ್ಲಿ ಹೋಗುವುದಿಲ್ಲವೆಂಬುದನ್ನು ಇಲ್ಲಿ ನೆನಪಿಡತಕ್ಕದ್ದು. ಮುಂದಿನ ವಿಚಾರವೆಲ್ಲ ಈ ಲೆಕ್ಕವನ್ನು ಆಶ್ರಯಿಸಿದೆ.

೩

ಸ್ಪರ್ಧಿಗಳು ಅನೇಕರಿದ್ದರೂ ಬಿರುದಿನ ಹೋರಾಟದಲ್ಲಿ ಮುಖ್ಯರಾದವರು ಮೂವರು.

ಮೊದಲನೆಯವನು ಫ್ರಾನ್ಸಿನ ಎಸ್ತೆಬಾನ್ ಒಕೊನ್. ೧೯೯೬ರ ಸೆಪ್ಟೆಂಬರ್ ೧೭ರಂದು ನಾರ್ಮಂಡಿಯ ಎವ್ರೂ ಪಟ್ಟಣದಲ್ಲಿ ಹುಟ್ಟಿದವನು. ತಂದೆ ಕಾರು ದುರಸ್ತಿಯ ಅಂಗಡಿಯನ್ನಿಟ್ಟುಕೊಂಡಿದ್ದ ಸಾಮಾನ್ಯ ಗೃಹಸ್ಥ. ಮಗನ ಪಂದ್ಯದ ವೆಚ್ಚಕ್ಕಾಗಿ ತಂದೆತಾಯಿಗಳು ಮನೆಯನ್ನೇ ಮಾರಿ, ಗಾಲಿಗಳ ಮೇಲಣ ಬಿಡಾರವೊಂದರಲ್ಲಿ ವಾಸಮಾಡುತ್ತ ಊರಿಂದೂರಿಗೆ ಪಂದ್ಯಗಳಿಗೆ ಹೋಗುತ್ತಿದ್ದರೆಂದು ಒಕೊನನೇ ಮುಂದೆ ಹೇಳಿರುವನು. ಮಕ್ಕಳಾಡುವ ಕಾರ್ಟ್ ಎಂಬ ಕಿರುಗಾಡಿಗಳಿಂದ ಮೊದಲಾಗಿ, ಆಮೇಲೆ ಎರಡು ವರ್ಷ ಫಾರ್ಮುಲಾ ರೆನೋ ಎಂಬ ಕೆಳಗಿನ ಮೆಟ್ಟಿಲಿನಲ್ಲಿ ಅಭ್ಯಾಸವನ್ನು ಮಾಡಿ, ಇಟಲಿಯ ಪ್ರೇಮಾ ತಂಡವನ್ನು ಸೇರಿ ಈ ಸೂತ್ರಕ್ಕೆ ಬಂದನು.

ಎರಡನೆಯವನು ಟಾಮ್ ಬ್ಲೋಮ್‌ಕ್ವಿಸ್ಟ್. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಹುಟ್ಟಿದರೂ ತಂದೆಯು ಸ್ವೀಡನ್ ದೇಶದ ಸ್ಟಿಗ್ ಬ್ಲೋಮ್‌ಕ್ವಿಸ್ಟ್. ೧೯೮೪ರಲ್ಲಿ ಕಾಡುದಾರಿಗಳ ರ್‍ಯಾಲಿಯಲ್ಲಿ ಜಗದ್ವಿಜೇತನಾದ ಪ್ರಸಿದ್ಧ. ಮಗನು ೨೦೧೦ರಲ್ಲಿಯೇ ಬ್ರಿಟನ್ನಿನ ಫಾರ್ಮುಲಾ ರೆನೋ ಬಿರುದನ್ನು ಪಡೆದಿದ್ದನು. ೨೦೧೪ರಲ್ಲಿ ಇಂಗ್ಲೆಂಡಿನ ಕಾರ್ಲಿನ್ ತಂಡದಲ್ಲಿದ್ದ ಈತನಿಗೆ ವಯಸ್ಸು ಇಪ್ಪತ್ತು. ಮೂವರಲ್ಲಿ ಹಿರಿಯನೂ ಹೆಚ್ಚು ಪಳಗಿದವನೂ ಇವನೇ.

ಮೂರನೆಯವನು ಮ್ಯಾಕ್ಸ್ ವರ್ಸ್ಟಾಪನ್. ೧೯೯೭ರ ಸೆಪ್ಟೆಂಬರ್ ೩೦ರಂದು ಬೆಲ್ಜಿಯಂ ದೇಶದಲ್ಲಿ ಹುಟ್ಟಿ, ತಂದೆಯ ದೇಶವಾದ ಹಾಲೆಂಡಿನ ಪರವಾಗಿ ಆಡುವವನು. ತಂದೆ ಯೋಸ್ ವರ್ಸ್ಟಾಪನ್ ಫಾರ್ಮುಲಾ ಒಂದರಲ್ಲಿ ಹಲವು ವರ್ಷ ಓಡಿಸಿದವನು. ತಾಯಿ ಸೋಫಿ ಕುಂಪನ್ ಕಾರ್ಟ್ ಪಂದ್ಯಗಳಲ್ಲಿ ಹೆಸರಾದವಳು. ಹೀಗೆ ಎರಡು ಕಡೆಯಿಂದಲೂ ವಿದ್ಯೆಯು ಮನೆಯಲ್ಲಿಯೇ ಇದ್ದಿತು. ೨೦೧೩ರಲ್ಲಿ ಗೇರುಳ್ಳ ಕಾರ್ಟುಗಳ ಜಗತ್ಪಂದ್ಯವನ್ನು ಗೆದ್ದ ಈ ಹುಡುಗನು, ಮರುವರ್ಷದ ಆದಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಚಳಿಗಾಲದ ಸಣ್ಣ ಪಂದ್ಯಮಾಲೆಯೊಂದನ್ನು ಬಿಟ್ಟರೆ ಬೇರೆ ಯಾವ ಏಕಾಸನ ಪಂದ್ಯವನ್ನೂ ಆಡದೆ, ನಡುವಣ ಮೆಟ್ಟಿಲುಗಳನ್ನು ದಾಟಿ ನೇರವಾಗಿ ಫಾರ್ಮುಲಾ ಮೂರಕ್ಕೆ ಬಂದನು. ಹಾಲೆಂಡಿನ ಫಾನ್ ಆಮರ್ಸ್‌ಫೋರ್ಟ್ ತಂಡವು ಅವನನ್ನು ಸೇರಿಸಿಕೊಂಡಿತು. ಮೊದಲ ಕೂಟದ ವೇಳೆಗೆ ಅವನಿಗೆ ಹದಿನಾರು ವರ್ಷ ಆರು ತಿಂಗಳು.

ಒಬ್ಬನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವನು, ಒಬ್ಬನು ಪಳಗಿದವನು, ಒಬ್ಬನು ಹಾರಿ ಬಂದವನು. ಅಧಿಕಾರಿಯ ಲಕ್ಷಣವನ್ನು ಪರೀಕ್ಷಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಗಳು ದೊರೆಯುವುದು ಕಷ್ಟ.

೪

ಏಪ್ರಿಲ್ ತಿಂಗಳಿನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಪಂದ್ಯಋತುವು ಆರಂಭವಾಯಿತು. ಒಕೊನನು ಮೊದಲಿನಿಂದಲೂ ಮುಂಚೂಣಿಯಲ್ಲಿದ್ದನು. ಮೇ ತಿಂಗಳಲ್ಲಿ ಜರ್ಮನಿಯ ಹಾಕನ್‌ಹೈಮಿನಲ್ಲಿ ವರ್ಸ್ಟಾಪನನು ಈ ಸೂತ್ರದಲ್ಲಿ ತನ್ನ ಮೊದಲ ಗೆಲುವನ್ನು ಪಡೆದನು. ಅಲ್ಲಿಂದ ಕೂಟವು ಫ್ರಾನ್ಸಿನ ನೈಋತ್ಯದಲ್ಲಿರುವ ಪೋ ಎಂಬ ಊರಿಗೆ ಹೋಯಿತು. ಅಲ್ಲಿ ಬೇರೆ ಪಥವಿಲ್ಲ. ಊರಿನ ಬೀದಿಗಳೇ ಪಂದ್ಯದ ಪಥ. ಮನೆಗಳ ಮಗ್ಗುಲಲ್ಲಿ, ಉದ್ಯಾನದ ಸುತ್ತ, ಏರಿಳಿವ ಇಕ್ಕಟ್ಟಾದ ತಿರುವುಗಳಲ್ಲಿ ಕಬ್ಬಿಣದ ತಡೆಗಳ ನಡುವೆ ಓಡಿಸಬೇಕು. ಇಂತಹ ಸ್ಥಳದಲ್ಲಿ ಚಾಪಲ್ಯಕ್ಕೆ ಕ್ಷಮೆಯಿಲ್ಲ. ಆಮೇಲೆ ಹಂಗೇರಿಯ ಬುಡಾಪೆಸ್ಟಿನ ಬಳಿಯ ಪಥ. ಇಷ್ಟು ಹೊತ್ತಿಗೆ ಬಿರುದಿನ ದಾರಿಯಲ್ಲಿ ಫ್ರೆಂಚ್ ಹುಡುಗನೇ ಮುಂದಿರುವನೆಂದು ನೋಡಿದವರಿಗೆಲ್ಲ ತೋರಿತು.

ಆದರೆ ಜೂನ್ ತಿಂಗಳು ಬೇರೊಂದು ನೋಟವನ್ನು ತಂದಿತು. ಬೆಲ್ಜಿಯಮ್ಮಿನ ಆರ್ಡೆನ್ ಗುಡ್ಡಗಳ ಕಾಡಿನ ನಡುವೆ ಇರುವ ಸ್ಪಾ ಪಥವು ಸುಮಾರು ಏಳು ಕಿಲೋಮೀಟರು ಉದ್ದದ್ದು. ಕಣಿವೆಗೆ ಇಳಿದು, ಮರುಕ್ಷಣವೇ ಗೋಡೆಯಂತೆ ನಿಂತ ಏರನ್ನು ಹತ್ತುವ ಅದರ ತಿರುವು ಜಗತ್ತಿನ ಪಂದ್ಯಪಥಗಳಲ್ಲೆಲ್ಲ ಹೆಸರಾದುದು. ಅಲ್ಲಿ ನಡೆದ ಮೂರು ಓಟಗಳನ್ನೂ ವರ್ಸ್ಟಾಪನನು ಗೆದ್ದನು. ಒಂದು ವಾರದಲ್ಲಿ ಕೂಟವು ಜರ್ಮನಿಯ ನ್ಯೂರೆಂಬರ್ಗಿಗೆ ಬಂದಿತು. ನಾರಿಸ್‌ರಿಂಗ್ ಎಂಬ ಅಲ್ಲಿಯ ಪಥವು ಸ್ಪಾ ಪಥದ ಮೂರರಲ್ಲೊಂದು ಭಾಗದಷ್ಟು ಉದ್ದವೂ ಇಲ್ಲ, ನಾಜಿಗಳು ತಮ್ಮ ಮಹಾಸಭೆಗಳಿಗಾಗಿ ಕಟ್ಟಿಸಿದ್ದ ಕಲ್ಲಿನ ಪೀಠದ ಮುಂದೆ ಹಾದುಹೋಗುವ ಬೀದಿಗಳೇ ಪಥ, ಗಕ್ಕನೆ ಹಿಂದಕ್ಕೆ ತಿರುಗುವ ತಿರುವುಗಳು, ಮಗ್ಗುಲಲ್ಲಿಯೇ ಗೋಡೆ. ಒಂದು ಪಥಕ್ಕೆ ಒಗ್ಗಿದ ಹದವು ಇನ್ನೊಂದಕ್ಕೆ ಒಗ್ಗದು. ಅಲ್ಲಿಯೂ ಮೂರು ಓಟಗಳನ್ನು ಅದೇ ಹುಡುಗನು ಗೆದ್ದನು. ಎರಡು ಕೂಟಗಳಲ್ಲಿ ಸತತವಾಗಿ ಆರು ಗೆಲುವು. ಹದಿನೇಳು ತುಂಬದವನೊಬ್ಬನು, ತನಗಿಂತ ಹೆಚ್ಚು ಪಳಗಿದವರ ನಡುವೆ ಇದನ್ನು ಸಾಧಿಸಿದುದನ್ನು ಕಂಡು ಫಾರ್ಮುಲಾ ಒಂದರ ತಂಡದವರ ಕಣ್ಣುಗಳು ಅವನ ಕಡೆಗೆ ತಿರುಗಿದುವು.

ಆಗಸ್ಟ್ ತಿಂಗಳಿನಲ್ಲಿ ಮಾತು ನಿಶ್ಚಯವಾಯಿತು. ಆಸ್ಟ್ರಿಯದ ರೆಡ್ ಬುಲ್ ಸಂಸ್ಥೆಯು ಮೊದಲು ಅವನನ್ನು ತನ್ನ ಕಿಶೋರಪಟ್ಟಿಗೆ ಸೇರಿಸಿಕೊಂಡು, ಒಂದು ವಾರವೂ ಕಳೆಯುವ ಮೊದಲೇ, ೧೮ನೆಯ ತಾರೀಖಿನಂದು, ಮರುವರ್ಷ ತನ್ನ ಎರಡನೆಯ ತಂಡವಾದ ಟೊರೊ ರೊಸ್ಸೊದಲ್ಲಿ ಫಾರ್ಮುಲಾ ಒಂದರ ಸಾರಥ್ಯವನ್ನು ಅವನಿಗೇ ಕೊಡುವುದಾಗಿ ಸಾರಿತು. ಹುಡುಗನಿಗೆ ಆಗ ಇನ್ನೂ ಹದಿನಾರು. ಏಕಾಸನ ಕಾರನ್ನು ಹಿಡಿದು ಒಂದು ವರ್ಷವೂ ತುಂಬಿರಲಿಲ್ಲ. ತನ್ನ ದೇಶದ ಬೀದಿಯಲ್ಲಿ ಸಾಮಾನ್ಯ ಕಾರೊಂದನ್ನು ಒಬ್ಬನೇ ನಡೆಸಲು ಬೇಕಾದ ಪರವಾನಿಗಿಯೂ ಅವನಿಗಿರಲಿಲ್ಲ.

ಇತ್ತ ಒಕೊನನು ಸದ್ದಿಲ್ಲದೆ ಅಂಕಗಳನ್ನು ಕೂಡಿಸುತ್ತಿದ್ದನು. ಗೆಲ್ಲಬಹುದಾದ ದಿನ ಗೆದ್ದನು. ಗೆಲ್ಲಲಾಗದ ದಿನ ಎರಡನೆಯವನೋ ಮೂರನೆಯವನೋ ಆಗಿ ಬಂದನು. ಅಕ್ಟೋಬರಿನಲ್ಲಿ ಇಟಲಿಯ ಇಮೋಲಾದಲ್ಲಿ ಹತ್ತನೆಯ ಕೂಟವು ನಡೆದಾಗ, ಇನ್ನೊಂದು ಕೂಟವು ಉಳಿದಿರುವಂತೆಯೇ ಬಿರುದು ಅವನದಾಯಿತು. ಹಾಕನ್‌ಹೈಮಿನ ಕೊನೆಯ ಕೂಟವು ಮುಗಿದಾಗ ಒಕೊನನಿಗೆ ೪೭೮, ಬ್ಲೋಮ್‌ಕ್ವಿಸ್ಟನಿಗೆ ೪೨೦, ವರ್ಸ್ಟಾಪನನಿಗೆ ೪೧೧ ಅಂಕಗಳು.

ಈ ಲೆಕ್ಕವನ್ನು ಬಿಡಿಸಿ ನೋಡಿದರೆ ಒಂದು ಸ್ವಾರಸ್ಯವು ತೋರುವುದು. ಒಕೊನನ ಗೆಲುವುಗಳು ಒಂಬತ್ತು, ಬ್ಲೋಮ್‌ಕ್ವಿಸ್ಟನವು ಆರು, ವರ್ಸ್ಟಾಪನನವು ಹತ್ತು. ಅಂದರೆ ಎಲ್ಲರಿಗಿಂತ ಹೆಚ್ಚು ಸಲ ಗೆದ್ದವನೇ ಮೂವರಲ್ಲಿ ಕಡೆಯವನು. ಗೆಲುವಿನ ಅಂಕಗಳನ್ನು ಕಳೆದರೆ ವರ್ಸ್ಟಾಪನನಿಗೆ ಮಿಕ್ಕ ೨೩ ಓಟಗಳಿಂದ ದೊರೆತುದು ೧೬೧, ಓಟಕ್ಕೆ ಏಳರಂತೆ. ಬ್ಲೋಮ್‌ಕ್ವಿಸ್ಟನಿಗೆ ಮಿಕ್ಕ ೨೭ ಓಟಗಳಿಂದ ೨೭೦, ಓಟಕ್ಕೆ ಹತ್ತರಂತೆ. ಒಕೊನನಿಗೆ ಮಿಕ್ಕ ೨೪ ಓಟಗಳಿಂದ ೨೫೩, ಓಟಕ್ಕೆ ಹತ್ತೂವರೆಯಂತೆ. ಗೆದ್ದ ದಿನಗಳಲ್ಲಿ ಮೂವರೂ ಸಮಾನರು; ಬಿರುದು ನಿರ್ಣಯವಾದುದು ಗೆಲ್ಲದ ದಿನಗಳಲ್ಲಿ. ಕೆಲವು ಓಟಗಳಲ್ಲಿ ಗುರಿಯನ್ನು ಮುಟ್ಟದೆಯೇ ನಿಂತುಹೋದ ನಷ್ಟವನ್ನು ಹತ್ತು ಗೆಲುವುಗಳೂ ತುಂಬಿಕೊಡಲಾರದೆ ಹೋದುವು. ಹೀಗೆ ನಿಲ್ಲುವುದು ಸಾರಥಿಯ ಅವಸರದಿಂದಲೂ ಆಗಬಹುದು, ಎಂಜಿನ್ನಿನ ದೋಷದಿಂದಲೂ ಆಗಬಹುದು. ಅಂಕಗಳ ಪಟ್ಟಿಯು ಈ ಭೇದವನ್ನು ಎಣಿಸುವುದಿಲ್ಲ. ಸ್ಥೈರ್ಯವನ್ನು ಅಳೆಯಲು ಅದು ಒಳ್ಳೆಯ ತಕ್ಕಡಿ. ಸ್ಫೂರ್ತಿಯ ಪರಮಾವಧಿಯನ್ನು ಅಳೆಯಲು ಅಲ್ಲ. ರೆಡ್ ಬುಲ್ಲಿನವರು ನೋಡಿದುದು ಎರಡನೆಯದನ್ನು.

೫

ಈ ಆಯ್ಕೆಯು ಪ್ರಕಟವಾದೊಡನೆ ಯೂರೋಪಿನಲ್ಲೆಲ್ಲ ವಾದವು ಎದ್ದಿತು. ಹದಿನಾರು ವರ್ಷದ ಅಭಿಮನ್ಯುವಿನ ಕಥೆಯನ್ನು ಕೇಳಿ ಬೆಳೆದ ನಮ್ಮ ದೇಶದ ವಾಚಕರಿಗೆ ಆ ವಾದದ ಒಳತಿರುಳು ತಾನಾಗಿಯೇ ತಿಳಿಯುವುದು. ವ್ಯೂಹವನ್ನು ಹೊಗುವ ವಿದ್ಯೆಯನ್ನು ಬಲ್ಲವನು ಹೊರಬರುವ ವಿದ್ಯೆಯನ್ನೂ ಬಲ್ಲನೇ ಎಂಬುದೇ ಅಲ್ಲಿಯ ಪ್ರಶ್ನೆ. ವೇಗವಾಗಿ ಓಡಿಸಬಲ್ಲನೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅಪಾಯವು ಒದಗಿದಾಗ ಹಿಂಜರಿಯಬೇಕಾದಲ್ಲಿ ಹಿಂಜರಿಯುವ ವಿವೇಕವು ಆ ವಯಸ್ಸಿಗೆ ಬಂದಿರುವುದೇ? ಇದು ಹೀಗೇ ನಡೆದರೆ ನಾಳೆ ಹದಿನೈದು ವರ್ಷದವನನ್ನು ತಂದು ಕೂರಿಸುವವರಿಗೆ ಅಡ್ಡಿಯೇನು? ಇದು ಒಂದು ಪಕ್ಷ. ಬಲ್ಲವನನ್ನು ವಯಸ್ಸಿನ ನೆಪದಿಂದ ಕಾಯಿಸುವುದು ವಿದ್ಯೆಗೆ ಮಾಡುವ ಅನ್ಯಾಯವಲ್ಲವೇ, ನಾಲ್ಕು ವರ್ಷದವನಾಗಿದ್ದಾಗಲೇ ಕಾರ್ಟನ್ನು ಹಿಡಿದವನಿಗೆ ಹನ್ನೆರಡು ವರ್ಷಗಳ ಅಭ್ಯಾಸವಾಗಿದೆಯಲ್ಲವೇ ಎಂಬುದು ಇನ್ನೊಂದು ಪಕ್ಷ.

ವಾದವು ನಡೆಯುತ್ತಿರುವಾಗಲೇ ಒಂದು ದುರಂತವು ಸಂಭವಿಸಿತು. ಅಕ್ಟೋಬರ್ ೩ರಂದು, ಹದಿನೇಳು ತುಂಬಿ ಮೂರೇ ದಿನಗಳಾಗಿದ್ದ ವರ್ಸ್ಟಾಪನನು ಜಪಾನಿನ ಸುಜುಕಾ ಪಥದಲ್ಲಿ ಮಹಾಪಂದ್ಯದ ಮೊದಲ ಅಭ್ಯಾಸದ ಅವಧಿಯಲ್ಲಿ ಫಾರ್ಮುಲಾ ಒಂದರ ಕಾರನ್ನು ನಡೆಸಿದನು. ಎರಡು ದಿನಗಳ ತರುವಾಯ ಅದೇ ಪಥದಲ್ಲಿ, ಮಳೆಯಲ್ಲಿ ನಡೆದ ಪಂದ್ಯದಲ್ಲಿ, ಫ್ರಾನ್ಸಿನ ಜೂಲ್ ಬಿಯಾಂಕಿಯ ಕಾರು ಜಾರಿ, ಇನ್ನೊಂದು ಕಾರನ್ನು ಎತ್ತುತ್ತಿದ್ದ ಯಂತ್ರಕ್ಕೆ ಬಡಿಯಿತು. ಬಿಯಾಂಕಿಯು ಪ್ರಜ್ಞೆಯನ್ನು ಮರಳಿ ಪಡೆಯದೆ ೨೦೧೫ರ ಜುಲೈ ೧೭ರಂದು ತೀರಿಕೊಂಡನು. ಅವನಿಗೆ ಇಪ್ಪತ್ತೈದು ವರ್ಷ. ಅವನು ಅಭ್ಯಾಸವಿಲ್ಲದವನಲ್ಲ, ಫಾರ್ಮುಲಾ ಮೂರರ ಯೂರೋ ಸರಣಿಯ ಬಿರುದನ್ನು ೨೦೦೯ರಲ್ಲಿ ಪಡೆದು, ಒಂದೊಂದಾಗಿ ಮೆಟ್ಟಿಲನ್ನು ಹತ್ತಿ ಬಂದವನು. ೧೯೯೪ರಲ್ಲಿ ಸೆನ್ನನು ಇಮೋಲಾದಲ್ಲಿ ಮಡಿದ ಮೇಲೆ ಫಾರ್ಮುಲಾ ಒಂದರ ಪಂದ್ಯದ ಗಾಯದಿಂದ ಪ್ರಾಣವನ್ನು ಕಳೆದುಕೊಂಡ ಸಾರಥಿ ಇವನೇ. ಬಿಯಾಂಕಿಯು ಜಪಾನಿನ ಆಸ್ಪತ್ರೆಯಲ್ಲಿ ಜೀವನ್ಮರಣಗಳ ನಡುವೆ ಇದ್ದ ಆ ವಾರದ ಕೊನೆಯಲ್ಲಿಯೇ, ಅದೇ ಇಮೋಲಾದಲ್ಲಿ, ಕಿಶೋರರ ಬಿರುದು ನಿರ್ಣಯವಾಯಿತು. ಆ ದಿನ ಪಥದ ಮೇಲಿದ್ದ ಹುಡುಗರ ತಂದೆತಾಯಿಗಳಿಗೆ ಈ ಎರಡು ಹೆಸರುಗಳೂ ನೆನಪಿಗೆ ಬಾರದೆ ಇದ್ದಿರಲಾರವು.

ಬಿಯಾಂಕಿಯ ಅಪಘಾತಕ್ಕೂ ವರ್ಸ್ಟಾಪನನ ವಯಸ್ಸಿಗೂ ಯಾವ ಕಾರ್ಯಕಾರಣಸಂಬಂಧವೂ ಇಲ್ಲವೆಂಬುದು ಸ್ಪಷ್ಟ. ಆದರೆ ಈ ವಿದ್ಯೆಯ ಬೆಲೆಯೇನೆಂಬುದನ್ನು ಅದು ಎಲ್ಲರ ಕಣ್ಣಮುಂದೆ ಇಟ್ಟಿತು. ೨೦೧೫ರ ಜನವರಿಯಲ್ಲಿ ಒಕ್ಕೂಟವು ಹೊಸ ನಿಯಮವನ್ನು ಪ್ರಕಟಿಸಿತು. ೨೦೧೬ರಿಂದ ಫಾರ್ಮುಲಾ ಒಂದರ ಪರವಾನಿಗಿಯನ್ನು ಬೇಡುವವನಿಗೆ ಹದಿನೆಂಟು ವರ್ಷ ತುಂಬಿರಬೇಕು. ಬೀದಿಯಲ್ಲಿ ಕಾರನ್ನು ನಡೆಸುವ ಪರವಾನಿಗಿಯಿರಬೇಕು. ಕಿಶೋರಸೂತ್ರಗಳಲ್ಲಿ ಎರಡು ವರ್ಷಗಳ ಅಭ್ಯಾಸವಿರಬೇಕು. ಹಿಂದಿನ ಮೂರು ವರ್ಷಗಳ ಪಂದ್ಯಗಳಿಂದ ಗೊತ್ತಾದ ಲೆಕ್ಕದಂತೆ ೪೦ ಅಂಕಗಳನ್ನು ಕೂಡಿಸಿರಬೇಕು. ಈ ನಿಯಮವು ಒಂದು ವರ್ಷ ಮೊದಲು ಜಾರಿಗೆ ಬಂದಿದ್ದರೆ ವರ್ಸ್ಟಾಪನನು ಹೊರಗುಳಿಯುತ್ತಿದ್ದನು. ಯಾರನ್ನು ಕಂಡು ಬಾಗಿಲಿಗೆ ಅಗುಳಿಯನ್ನು ಮಾಡಿಸಿದರೋ, ಅವನು ಆಗಲೇ ಒಳಗೆ ಹೋಗಿದ್ದನು.

೬

ಮುಂದಿನ ಕಥೆಯು ಜಗತ್ತಿಗೆ ತಿಳಿದಿರುವುದೇ ಆಗಿದೆ. ೨೦೧೫ರ ಮಾರ್ಚ್ ೧೫ರಂದು ಆಸ್ಟ್ರೇಲಿಯದಲ್ಲಿ, ಹದಿನೇಳು ವರ್ಷ ೧೬೬ ದಿನಗಳ ವಯಸ್ಸಿನಲ್ಲಿ, ವರ್ಸ್ಟಾಪನನು ಫಾರ್ಮುಲಾ ಒಂದರ ಮೊದಲ ಪಂದ್ಯವನ್ನು ಆಡಿದನು. ಅದುವರೆಗೆ ಅತ್ಯಂತ ಕಿರಿಯನೆನಿಸಿದ್ದ ಸ್ಪೇನಿನ ಹೈಮೆ ಅಲ್ಗೆರ್ಸ್ವಾರಿಯು ೨೦೦೯ರಲ್ಲಿ ಹತ್ತೊಂಬತ್ತು ದಾಟಿದ ಮೇಲೆ ಬಂದವನು. ಹದಿನೆಂಟು ತುಂಬಿದ ದಿನವೇ ವರ್ಸ್ಟಾಪನನು ಬೀದಿಯ ಪರವಾನಿಗಿಯನ್ನೂ ಪಡೆದನು. ೨೦೧೬ರ ಮೇ ೧೫ರಂದು ಸ್ಪೇನಿನಲ್ಲಿ ಮಹಾಪಂದ್ಯವನ್ನೇ ಗೆದ್ದನು. ೨೦೨೧ರಿಂದ ೨೦೨೪ರವರೆಗೆ ಸತತವಾಗಿ ನಾಲ್ಕು ಸಲ ಜಗದ್ವಿಜೇತನಾದನು.

ಪಟ್ಟಿಯಲ್ಲಿ ಅವನನ್ನು ಹಿಂದೆ ಹಾಕಿದ್ದ ಒಕೊನನ ದಾರಿಯು ದೀರ್ಘವಾಯಿತು. ಬಿರುದನ್ನು ಪಡೆದ ಮೇಲೆಯೂ ಅವನು ೨೦೧೫ರಲ್ಲಿ ಜಿ.ಪಿ. ಮೂರು ಎಂಬ ಇನ್ನೊಂದು ಕಿಶೋರಪಂದ್ಯವನ್ನು ಆಡಬೇಕಾಯಿತು. ಅಲ್ಲಿ ಇಡೀ ವರ್ಷದಲ್ಲಿ ಒಂದೇ ಒಂದು ಓಟವನ್ನು ಗೆದ್ದು, ಸತತವಾಗಿ ಒಂಬತ್ತು ಓಟಗಳಲ್ಲಿ ಎರಡನೆಯವನಾಗಿ ಬಂದು, ಕೊನೆಯ ದಿನ ಆ ಬಿರುದನ್ನೂ ಪಡೆದನು. ಅವನ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ. ೨೦೧೬ರ ಆಗಸ್ಟಿನಲ್ಲಿ ಮೇನರ್ ಎಂಬ ಬಡ ತಂಡದಲ್ಲಿ ಫಾರ್ಮುಲಾ ಒಂದಕ್ಕೆ ಕಾಲಿಟ್ಟನು. ಫೋರ್ಸ್ ಇಂಡಿಯಾ ತಂಡದಲ್ಲಿ ಎರಡು ವರ್ಷ ಚೆನ್ನಾಗಿ ನಡೆಸಿದನಾದರೂ, ಆ ತಂಡವನ್ನು ಕೆನಡಾ ದೇಶದ ಧನಿಕನೊಬ್ಬನ ಕೂಟವು ಕೊಂಡು, ಆ ಧನಿಕನ ಮಗನಿಗೆ ಸ್ಥಾನವಾದುದರಿಂದ, ೨೦೧೯ರ ವರ್ಷವೆಲ್ಲ ಪಂದ್ಯವಿಲ್ಲದೆ ಕುಳಿತನು. ೨೦೨೦ರಲ್ಲಿ ರೆನೋ ತಂಡದಲ್ಲಿ ಮರಳಿ ಸ್ಥಾನವು ದೊರೆಯಿತು. ಆಲ್ಪೀನ್ ಎಂದು ಹೆಸರನ್ನು ಬದಲಾಯಿಸಿಕೊಂಡ ಅದೇ ತಂಡದಲ್ಲಿ ೨೦೨೧ರ ಆಗಸ್ಟ್ ೧ರಂದು ಹಂಗೇರಿಯ ಮಹಾಪಂದ್ಯವನ್ನು ಗೆದ್ದನು. ಏಳು ವರ್ಷಗಳ ಹಿಂದೆ ಫಾರ್ಮುಲಾ ಮೂರರ ಕೂಟವು ನಡೆದಿದ್ದುದೂ ಆ ಪಥದಲ್ಲಿಯೇ.

ಇವರಿಬ್ಬರ ಹಳೆಯ ಸ್ಪರ್ಧೆಯು ೨೦೧೮ರ ನವೆಂಬರಿನಲ್ಲಿ ಬ್ರೆಜಿಲ್ ದೇಶದಲ್ಲಿ ಇನ್ನೊಮ್ಮೆ ತಲೆಯೆತ್ತಿತು. ವರ್ಸ್ಟಾಪನನು ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದನು. ಒಂದು ಸುತ್ತು ಹಿಂದಿದ್ದ ಒಕೊನನು ಅವನನ್ನು ದಾಟಿ ಆ ಸುತ್ತನ್ನು ಮರಳಿ ಪಡೆಯಲೆತ್ನಿಸಿದಾಗ ಕಾರುಗಳು ಡಿಕ್ಕಿಯಾದುವು. ಕೈಯಲ್ಲಿದ್ದ ಗೆಲುವು ಹೋಗಿ ವರ್ಸ್ಟಾಪನನು ಎರಡನೆಯವನಾದನು. ಓಟವು ಮುಗಿದ ಮೇಲೆ ತೂಕವನ್ನು ನೋಡುವ ಸ್ಥಳದಲ್ಲಿ ಒಕೊನನನ್ನು ಎದೆಗೆ ಕೈಯಿಟ್ಟು ನೂಕಿದನು. ಪಂದ್ಯದಲ್ಲಿಯ ತಪ್ಪಿಗಾಗಿ ಒಕೊನನಿಗೂ, ನೂಕಿದುದಕ್ಕಾಗಿ ವರ್ಸ್ಟಾಪ‌ನನಿಗೆ ಎರಡು ದಿನಗಳ ಸಾರ್ವಜನಿಕ ಸೇವೆಯೂ ದಂಡವಾಗಿ ವಿಧಿಸಲ್ಪಟ್ಟುವು. ವಯಸ್ಸಿನಿಂದ ಬರತಕ್ಕ ವಿವೇಕದ ಬಗ್ಗೆ ೨೦೧೪ರಲ್ಲಿ ಶಂಕಿಸಿದವರು ಪೂರ್ತಿಯಾಗಿ ತಪ್ಪಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಅಂಕಗಳನ್ನು ನಿಧಾನವಾಗಿ ಕೂಡಿಸುವವನೂ ಎಲ್ಲ ವೇಳೆಯಲ್ಲಿಯೂ ನಿಧಾನಿಯಲ್ಲವೆಂಬುದಕ್ಕೂ ಇದೇ ಸಾಕ್ಷಿ.

ಬ್ಲೋಮ್‌ಕ್ವಿಸ್ಟನು ಏಕಾಸನದ ಮಹಾಪಂದ್ಯಗಳ ಆಸೆಯನ್ನು ಬಿಟ್ಟು ೨೦೧೫ರಲ್ಲಿ ಜರ್ಮನಿಯ ಮುಚ್ಚುಕಾರುಗಳ ಪಂದ್ಯಕ್ಕೆ ಹೋದನು. ಮುಂದೆ ಅಮೆರಿಕದ ಡೇಟೋನಾದಲ್ಲಿ ಹಗಲುರಾತ್ರಿ ನಡೆಯುವ ೨೪ ಗಂಟೆಗಳ ಪಂದ್ಯವನ್ನು ೨೦೨೨ರಲ್ಲಿಯೂ ೨೦೨೩ರಲ್ಲಿಯೂ ಗೆದ್ದ ತಂಡಗಳಲ್ಲಿ ಒಬ್ಬನಾದನು. ಅದೇ ಋತುವಿನಲ್ಲಿ ಇವರೊಡನೆ ಆಡಿದ್ದ ಇಟಲಿಯ ಆಂಟೋನಿಯೋ ಜೊವಿನಾತ್ಸಿಯು ೨೦೨೩ರಲ್ಲಿ ಫೆರಾರಿ ತಂಡದವರೊಡನೆ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದನು.

ಕನ್ನಡನಾಡಿಗೂ ಈ ವೃತ್ತಾಂತದ ಅಂಚಿನಲ್ಲಿ ಒಂದು ಸ್ಥಾನವುಂಟು. ವರ್ಸ್ಟಾಪನನ ವರ್ಷದಲ್ಲಿಯೇ, ೧೯೯೭ರಲ್ಲಿ, ಹುಟ್ಟಿದ ಬೆಂಗಳೂರಿನ ಅರ್ಜುನ್ ಮೈನಿಯು ೨೦೧೪ರಲ್ಲಿ ಇಂಗ್ಲೆಂಡಿನ ಬಿ.ಆರ್.ಡಿ.ಸಿ. ಫಾರ್ಮುಲಾ ನಾಲ್ಕರ ಪಂದ್ಯದಲ್ಲಿ ಜಾರ್ಜ್ ರಸೆಲ್ಲನಿಗೆ ಕೆಲವೇ ಅಂಕಗಳಿಂದ ಸೋತು ಎರಡನೆಯವನಾಗಿದ್ದನು. ಮರುವರ್ಷ ಅವನು ಫಾನ್ ಆಮರ್ಸ್‌ಫೋರ್ಟ್ ತಂಡವನ್ನೇ ಸೇರಿ ಯೂರೋಪಿನ ಫಾರ್ಮುಲಾ ಮೂರಕ್ಕೆ ಬಂದನು. ವರ್ಸ್ಟಾಪನನು ಬಿಟ್ಟುಹೋದ ತಂಡ, ಅದೇ ಸೂತ್ರ, ಅದೇ ಚೌಕಟ್ಟು. ಮೈನಿಯು ೨೦೧೮ರಲ್ಲಿ ಫಾರ್ಮುಲಾ ಎರಡರವರೆಗೆ ಹತ್ತಿದನು. ಮಹಾಪಂದ್ಯದ ಬಾಗಿಲು ತೆರೆಯಲಿಲ್ಲ. ರಸೆಲ್ಲನು ೨೦೧೯ರಲ್ಲಿ ಫಾರ್ಮುಲಾ ಒಂದನ್ನು ಸೇರಿದನು.

೭

ಯೂರೋಪಿನ ಆ ಪಂದ್ಯಮಾಲೆಯು ೨೦೧೮ರಲ್ಲಿ ಕೊನೆಗೊಂಡಿತು, ೨೦೧೯ರಿಂದ ಜಿ.ಪಿ. ಮೂರರ ಸ್ಥಾನದಲ್ಲಿ ನಿಂತ ಬೇರೊಂದು ಪಂದ್ಯಮಾಲೆಗೆ ಫಾರ್ಮುಲಾ ಮೂರು ಎಂಬ ಹೆಸರು ಬಂದಿತು. ೨೦೧೪ರ ಪಟ್ಟಿಯು ಈಗ ಇತಿಹಾಸ. ಅದರ ತೀರ್ಪು ತಪ್ಪೆಂದು ಹೇಳುವುದು ನ್ಯಾಯವಲ್ಲ. ಮೂವತ್ತಮೂರು ಓಟಗಳನ್ನು ಯಾರು ಹೆಚ್ಚು ಸ್ಥಿರವಾಗಿ ನಡೆಸಿದರೆಂದು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತು. ರೆಡ್ ಬುಲ್ಲಿನವರು ಕೇಳಿದುದು, ಈ ಹುಡುಗರಲ್ಲಿ ಯಾರ ಮೇರೆಯು ಅತಿ ದೂರದಲ್ಲಿದೆ ಎಂಬ ಬೇರೆಯ ಪ್ರಶ್ನೆಯನ್ನು. ಅವರಿಗೂ ಸರಿಯಾದ ಉತ್ತರವೇ ದೊರೆಯಿತೆಂದು ಕಾಲವು ತೋರಿಸಿತು. ಒಕ್ಕೂಟವು ಕೇಳಿದುದು ಮೂರನೆಯದನ್ನು: ಪ್ರಾಣಾಪಾಯವುಳ್ಳ ಕೆಲಸಕ್ಕೆ ಒಂದು ಮಗುವನ್ನು ಒಪ್ಪಿಸುವ ಹಕ್ಕು ಹಿರಿಯರಿಗೆ ಉಂಟೇ? ಇದು ವೇಗದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಹದಿನೆಂಟರ ಗಡಿಯು ಅಸಾಧಾರಣನಾದ ಒಬ್ಬನಿಗೆ ಒಂದು ವರ್ಷದ ನಷ್ಟವನ್ನು ಮಾಡಬಹುದು. ಆದರೆ ಗಡಿಯು ಏರ್ಪಡುವುದು ಅವನ ಸಲುವಾಗಿ ಅಲ್ಲ, ಅವನನ್ನು ನೋಡಿ ತಮ್ಮ ಮಕ್ಕಳನ್ನೂ ಅವಸರದಿಂದ ನೂಕುವವರಿರುವರೆಂಬ ಸಲುವಾಗಿ. ೨೦೨೪ರ ಜೂನಿನಲ್ಲಿ ಒಕ್ಕೂಟವು ಆ ಗಡಿಯನ್ನು ಸ್ವಲ್ಪ ಸಡಿಲಿಸಿ, ಅಸಾಧಾರಣವಾದ ಯೋಗ್ಯತೆಯುಳ್ಳ ಹದಿನೇಳು ವರ್ಷದವರಿಗೆ ತನ್ನ ವಿವೇಚನೆಯಿಂದ ಪರವಾನಿಗಿಯನ್ನು ಕೊಡಬಹುದೆಂದು ತಿದ್ದುಪಡಿಯನ್ನು ಮಾಡಿತು. ಹತ್ತು ವರ್ಷಗಳ ಹಿಂದಣ ವಾದವು ಇನ್ನೂ ಮುಗಿದಿಲ್ಲವೆಂದು ಇದರಿಂದ ತಿಳಿಯುವುದು.

ಈ ಮೂರು ಪ್ರಶ್ನೆಗಳಲ್ಲಿ ಯಾವುದೂ ಕೇಳದ ನಾಲ್ಕನೆಯದೊಂದುಂಟು. ಫಾರ್ಮುಲಾ ಮೂರರ ಒಂದು ವರ್ಷಕ್ಕೆ ಲಕ್ಷಗಟ್ಟಲೆ ಯೂರೋ ವೆಚ್ಚವಾಗುತ್ತಿದ್ದ ಕಾಲದಲ್ಲಿ, ಒಕೊನನ ತಂದೆತಾಯಿಗಳು ಮನೆಯನ್ನು ಮಾರಿ ಮಗನನ್ನು ಆ ಸಾಲಿಗೆ ತಂದು ನಿಲ್ಲಿಸಿದರು. ಮಾರಲು ಮನೆಯೇ ಇಲ್ಲದವರ ಮಕ್ಕಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಅಧಿಕಾರಿಯ ಲಕ್ಷಣವನ್ನು ಬರೆಯುವವರು ವಯಸ್ಸನ್ನೂ ಅಭ್ಯಾಸವನ್ನೂ ಅಂಕಗಳನ್ನೂ ಎಣಿಸಿದರು. ಎಣಿಕೆಗೆ ಬರುವ ಮೊದಲೇ ಹಿಂದುಳಿದವರನ್ನು ಎಣಿಸುವ ಬಗೆಯು ಯೂರೋಪಿನಲ್ಲಿಯೂ ಇನ್ನೂ ಹುಟ್ಟಿಲ್ಲ.